ಕೇಬಲ್‌ನವರು ತೋರಿಸುವ ಸ್ಪೀಡ್ ಟೆಸ್ಟ್ ನಂಬಿ ವರ್ಷದ ದುಡ್ಡು ಕಟ್ಟಬೇಡಿ

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಹೊಸದಾಗಿ ಫೈಬರ್ ಹಾಕಿಸುವವರು ಇದನ್ನು ಓದಿಕೊಂಡು ಆಮೇಲೆ ದುಡ್ಡು ಕೊಡಿ. ಆಪರೇಟರ್ ಯಾರು ಅಂತ ಬರೆಯುವುದಿಲ್ಲ. ಇಂಥದ್ದು ಯಾರ ಹತ್ತಿರವೂ ಆಗಬಹುದು.

ನಮ್ಮ ಮನೆ ರಿಪ್ಪನ್‌ಪೇಟೆ ಹತ್ತಿರ. 100 ಎಂಬಿಪಿಎಸ್ ಪ್ಲಾನ್, ವರ್ಷದ್ದು ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಫ್ರೀ ಅಂದರು. ಕನೆಕ್ಷನ್ ಕೊಡಲು ಬಂದ ಹುಡುಗ ತನ್ನ ಲ್ಯಾಪ್‌ಟಾಪನ್ನು ರೂಟರ್‌ಗೆ ಸಿಕ್ಕಿಸಿದ, ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆರೆದ, ಸ್ಪೀಡ್‌ಟೆಸ್ಟ್-ಸಿಎಲ್‌ಐ ಅನ್ನುವ, ನೆಟ್ ಸ್ಪೀಡ್ ಅಳೆಯುವ ಟೂಲ್ ಓಡಿಸಿದ. ಕಪ್ಪು ಸ್ಕ್ರೀನಿನ ಮೇಲೆ ಮೂರೇ ಸಾಲು ಬಂತು: ಪಿಂಗ್ (ಉತ್ತರ ಬರಲು ಹಿಡಿದ ಸಮಯ), ಡೌನ್‌ಲೋಡ್, ಅಪ್‌ಲೋಡ್. ಡೌನ್‌ಲೋಡ್ 94. "ಬ್ರೌಸರಲ್ಲಿ ನೋಡಿದ್ರೆ ಹೆಚ್ಚುಕಮ್ಮಿ ತೋರಿಸ್ತದೆ ಸಾರ್, ಇದು ಪಕ್ಕಾ" ಅಂದ. ದುಡ್ಡು ಕಟ್ಟಿದ್ದಾಯಿತು.

ಹಗಲಿಡೀ ಏನೂ ತೊಂದರೆ ಇಲ್ಲ. ರಾತ್ರಿ ಎಂಟಾದರೆ ಮುಗಿಯಿತು. ಆಫೀಸ್ ಕಾಲ್‌ನಲ್ಲಿ ಎದುರಿನವರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿರುತ್ತದೆ, ಮಾತು ತುಂಡು ತುಂಡಾಗಿ ಬರುತ್ತದೆ. ಕಂಪ್ಲೇಂಟ್ ಕೊಟ್ಟರೆ ಅದೇ ಹುಡುಗ, ಅದೇ ಲ್ಯಾಪ್‌ಟಾಪ್, ಅದೇ ಮೂರು ಸಾಲು. "ನೋಡಿ, ಫುಲ್ ಸ್ಪೀಡ್ ಬರ್ತಿದೆ. ನಿಮ್ಮ ಲ್ಯಾಪ್‌ಟಾಪ್ ಚೆಕ್ ಮಾಡಿಸಿ ಸಾರ್." ಅವನು ಹೇಳಿದ್ದೂ ಸುಳ್ಳಲ್ಲ, ಮಾರಾಯ್ರೆ. ನಂಬರ್ ನಿಜವೇ. ಅದು ಯಾವ ದಾರಿಯ ನಂಬರ್ ಅನ್ನುವುದು ಮಾತ್ರ ಅಲ್ಲಿ ಕಾಣುವುದಿಲ್ಲ.

ಅದೇ ಟೂಲನ್ನು ನನ್ನ ಕಂಪ್ಯೂಟರಿನಲ್ಲಿ ಓಡಿಸಿದೆ. ಮೂರು ಸಾಲಲ್ಲ, ಜಾಸ್ತಿ ಬಂತು. ನಡುವೆ ಒಂದು ಸಾಲಿನಲ್ಲಿ, ಟೆಸ್ಟ್‌ಗೆ ಬಳಸಿದ ಆ ಕಡೆಯ ಕಂಪ್ಯೂಟರ್, ಅಂದರೆ ಸರ್ವರ್ ಯಾರದ್ದು, ಯಾವ ಊರಿನದ್ದು ಅಂತ ಇರುತ್ತದೆ. ಊರು ಶಿವಮೊಗ್ಗ, ಹೆಸರು ನಮ್ಮ ಆಪರೇಟರದ್ದೇ! ಹುಡುಗ ಕಮಾಂಡಿನ ಕೊನೆಗೆ 'ಸಿಂಪಲ್' ಅನ್ನುವ ಆಪ್ಷನ್ ಸೇರಿಸುತ್ತಿದ್ದ. ಅದನ್ನು ಹಾಕಿದರೆ ಆ ಸಾಲು ಬರುವುದೇ ಇಲ್ಲ. ಅವನು ಬೇಕಂತ ಮಾಡಿದ ಅಂತ ನಾನು ಹೇಳುವುದಿಲ್ಲ. ಯಾರೋ ಹೇಳಿಕೊಟ್ಟಿದ್ದನ್ನು ಟೈಪ್ ಮಾಡಿರುತ್ತಾನೆ.

ಈ ಟೂಲ್ ತಾನಾಗಿಯೇ ಹತ್ತಿರದ ಕೆಲವು ಸರ್ವರ್‌ಗಳನ್ನು ಹುಡುಕಿ, ಅದರಲ್ಲಿ ಪಿಂಗ್ ಕಡಿಮೆ ಇರುವುದನ್ನು ಆರಿಸಿಕೊಳ್ಳುತ್ತದೆ. ಇಂಟರ್ನೆಟ್ ಕಂಪನಿಗಳೇ ಇಂಥ ಸರ್ವರ್ ಇಟ್ಟುಕೊಂಡಿರುತ್ತವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಆಗ ಟೆಸ್ಟ್ ಅವರ ನೆಟ್‌ವರ್ಕ್ ಬಿಟ್ಟು ಹೊರಗೇ ಹೋಗುವುದಿಲ್ಲ. ಆಪರೇಟರ್ ಮೇಲಿನ ಕಂಪನಿಯಿಂದ ಎಷ್ಟು ಬ್ಯಾಂಡ್‌ವಿಡ್ತ್ ಕೊಂಡಿದ್ದಾನೆ, ರಾತ್ರಿ ಅದನ್ನು ಎಷ್ಟು ಮನೆಗೆ ಹಂಚುತ್ತಿದ್ದಾನೆ, ಅದು ಇಲ್ಲಿ ಗೊತ್ತಾಗುವುದಿಲ್ಲ. ತೀರ್ಥಹಳ್ಳಿ ಪೇಟೆಯೊಳಗೆ ರಸ್ತೆ ಚೆನ್ನಾಗಿದೆ ಅಂದರೆ ಆಗುಂಬೆ ಘಾಟಿಯಲ್ಲಿ ಜಾಮ್ ಇಲ್ಲ ಅಂತಲ್ಲ, ಅಲ್ವಾ?

ಹಾಗಾಗಿ ದುಡ್ಡು ಕೊಡುವ ಮೊದಲು 'ಲಿಸ್ಟ್' ಆಪ್ಷನ್ ಹಾಕಿ ಸರ್ವರ್ ಪಟ್ಟಿ ನೋಡಿ. ಬೇರೆ ಕಂಪನಿಯ, ಬೇರೆ ಊರಿನ ಸರ್ವರಿನ ನಂಬರನ್ನು 'ಸರ್ವರ್' ಆಪ್ಷನ್‌ಗೆ ಕೊಟ್ಟು ಓಡಿಸಿ. ಹಗಲು ಸಾಲದು, ರಾತ್ರಿ ಎಂಟರಿಂದ ಹತ್ತರೊಳಗೆ ನೋಡಬೇಕು. ನಮ್ಮಲ್ಲಿ ಬೆಂಗಳೂರಿನ ಸರ್ವರ್‌ಗೆ ರಾತ್ರಿ 11 ಎಂಬಿಪಿಎಸ್ ಬಂತು. ಈಗಾಗಲೇ ಕನೆಕ್ಷನ್ ಇರುವ ಪಕ್ಕದ ಮನೆಯಲ್ಲಿ ಕೂತು ನೋಡಿದರೆ ಇನ್ನೂ ಒಳ್ಳೆಯದು. ಸ್ಪೀಡ್‌ಟೆಸ್ಟ್-ಸಿಎಲ್‌ಐ ಅನ್ನುವುದು ಪೈಥಾನ್‌ನಲ್ಲಿ ಬರೆದ, ಅಧಿಕೃತ ಅಲ್ಲದ ಟೂಲ್. ಸ್ಪೀಡ್‌ಟೆಸ್ಟ್ ಸೇವೆ ನಡೆಸುವ ಓಕ್ಲಾ ಕಂಪನಿಯದ್ದೇ ಸ್ಪೀಡ್‌ಟೆಸ್ಟ್ ಅನ್ನುವ ಟೂಲ್ ಬೇರೆ ಇದೆ. ಅದು ಜಿಟರ್ (ಪಿಂಗ್ ಸಮಯದ ಏರಿಳಿತ), ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋದ ಡೇಟಾ ತುಣುಕುಗಳು) ಕೂಡ ತೋರಿಸುತ್ತದೆ. ವಿಡಿಯೊ ಕಾಲ್ ಕೆಡುವುದು ಬಹಳ ಸಲ ಇವೆರಡರಿಂದಲೇ.

ಸಾಕ್ಷಿ ಬೇಕು ಅಂದಾಗ ಗೆಳೆಯನೊಬ್ಬ, ಹತ್ತು ನಿಮಿಷಕ್ಕೊಮ್ಮೆ ತಾನಾಗೇ ಓಡುವ ಹಾಗೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆ) ಹಾಕಿಬಿಡು ಅಂದ. ದಯವಿಟ್ಟು ಬೇಡ. 100 ಎಂಬಿಪಿಎಸ್ ಲೈನಿನಲ್ಲಿ ಹತ್ತು ಸೆಕೆಂಡ್ ಡೌನ್‌ಲೋಡ್ ಅಂದರೆ 125 ಎಂಬಿ. ದಿನಕ್ಕೆ 144 ಸಲ ಅಂದರೆ 18 ಜಿಬಿ. ಅಪ್‌ಲೋಡ್ ಬೇರೆ. ಪ್ಲಾನಿಗೆ ಡೇಟಾ ಮಿತಿ ಇದ್ದರೆ ಸುಮ್ನೆ ಟೆಸ್ಟ್ ಮಾಡಿಯೇ ಮುಗಿಸಿ, ಆಮೇಲೆ ನಿಜವಾಗಿಯೂ ಸ್ಪೀಡ್ ಇಳಿಸುತ್ತಾರೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಂತೂ ದಿನದ 1.5 ಜಿಬಿ ಕೆಲವೇ ಟೆಸ್ಟಿಗೆ ಖಾಲಿ. ಇಡೀ ರಾತ್ರಿ ಪಿಂಗ್ ಅನ್ನುವ ಕಮಾಂಡನ್ನು ಓಡಿಸಿಟ್ಟರೆ ಸಾಕು, ಎಷ್ಟು ಪ್ಯಾಕೆಟ್ ಕಳೆದುಹೋಯಿತು ಅಂತ ಕೊನೆಗೆ ಅದೇ ಹೇಳುತ್ತದೆ. ಡೇಟಾ ಖರ್ಚು ಲೆಕ್ಕಕ್ಕೇ ಇಲ್ಲ.

ದುಡ್ಡು ವಾಪಸ್ ಕೇಳಿದ್ದಕ್ಕೆ ಆಪರೇಟರ್ ಫಾರಂ ತೋರಿಸಿದ. "100 ಎಂಬಿಪಿಎಸ್‌ವರೆಗೆ" ಅಂತಿದೆ. ಆ 'ವರೆಗೆ'ಯನ್ನು ಯಾರೂ ಓದುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಬ್ರಾಡ್‌ಬ್ಯಾಂಡ್ ಅಂದರೆ ಏನು ಅನ್ನುವ ನಿಯಮವೂ ನಮ್ಮ ಕೈ ಹಿಡಿಯುವುದಿಲ್ಲ. 2023ರಲ್ಲಿ ಬದಲಾದ ನಿಯಮದ ಪ್ರಕಾರ ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಬಂದರೆ ಅದು ಬ್ರಾಡ್‌ಬ್ಯಾಂಡ್. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ಗೆ ನೇರ ಬರೆದರೂ ಒಬ್ಬೊಬ್ಬರ ದೂರನ್ನು ಅವರು ವಿಚಾರಿಸುವುದಿಲ್ಲ. ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಹೇಳಿ ಡಾಕೆಟ್ ನಂಬರ್, ಅಂದರೆ ದೂರಿನ ನೋಂದಣಿ ಸಂಖ್ಯೆ ತಗೊಳ್ಳಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಕೇಬಲ್ ಹುಡುಗನ ವಾಟ್ಸಾಪ್‌ಗೆ ಹಾಕಿದ ಮೆಸೇಜಿಗೆ ಡಾಕೆಟ್ ನಂಬರ್ ಬರುವುದಿಲ್ಲ. ದೂರಿನ ಜೊತೆ ಸರ್ವರ್ ಹೆಸರು, ತಾರೀಕು, ಗಂಟೆ ಕಾಣುವ ಪೂರ್ತಿ ಸ್ಕ್ರೀನ್‌ಶಾಟ್ ಇಡಿ.