ಬಳ್ಳಾರಿ ಬಿಸಿಲಿಗೆ ಸುಣ್ಣವೋ, ಕೂಲ್ ರೂಫ್ ಬಣ್ಣವೋ, ಹಸಿರು ನೆಟ್ಟೋ?

ನಮ್ಮದು ಬಳ್ಳಾರಿಯಲ್ಲಿ ಮೇಲಂತಸ್ತಿನ ಮನೆ. ತಲೆ ಮೇಲೆ ಐದಿಂಚಿನ ಸ್ಲ್ಯಾಬ್, ಅದರ ಮೇಲೆ ನೇರ ಸೂರ್ಯ. ಇಷ್ಟು ಹೇಳಿದರೆ ಇಲ್ಲಿನವರಿಗೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ. ಊರಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅನ್ನುವ ಹಳೇ ತಮಾಷೆ ಏಪ್ರಿಲ್ ಬಂದರೆ ಯಾರಿಗೂ ನಗು ತರಿಸುವುದಿಲ್ಲ.

ಮಧ್ಯಾಹ್ನವನ್ನು ಹೇಗೋ ಕಳೆಯಬಹುದು. ಕಷ್ಟ ಇರುವುದು ರಾತ್ರಿ. ಕಾಂಕ್ರೀಟು ಹಗಲೆಲ್ಲ ಎಳೆದುಕೊಂಡ ಬಿಸಿಯನ್ನು ಕೆಳಗೆ ಬಿಡಲು ಶುರು ಮಾಡುವುದೇ ಸಂಜೆ ಮೇಲೆ. ಕೋಟೆ ಗುಡ್ಡದ ಬುಡದಲ್ಲಿ ಮನೆ ಇರುವವರನ್ನು ಕೇಳಿ, ಕತ್ತಲಾಗಿ ಎಷ್ಟು ಹೊತ್ತಾದರೂ ಬಂಡೆ ಕಡೆಯಿಂದ ಝಳ ಬರುತ್ತಲೇ ಇರುತ್ತದೆ ಅನ್ನುತ್ತಾರೆ. ಸ್ಲ್ಯಾಬಿನ ಕಥೆಯೂ ಅದೇ. ಫ್ಯಾನ್ ಹಾಕಿದರೆ ಆ ಬಿಸಿಯೇ ಮೈ ಮೇಲೆ ಬರುತ್ತದೆ. ಮಾಳಿಗೆಗೆ ನೀರು ಹೊಡೆಯೋಣ ಅಂದರೆ, ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಊರಲ್ಲಿ ಅದು ಆಗದ ಮಾತು. ಚೈನಾ ಮೊಸಾಯಿಕ್, ಅಂದರೆ ಒಡೆದ ಬಿಳಿ ಟೈಲ್ಸ್ ಚೂರು ಹಾಕಿಸಬಹುದು, ಒಳ್ಳೆಯದೇ. ಆದರೆ ಅದಕ್ಕೆ ಮೇಸ್ತ್ರಿ ಬೇಕು, ದುಡ್ಡೂ ಜಾಸ್ತಿ.

ಹಾಗಾಗಿ ನಾವೇ ಕೈಯಾರೆ ಮಾಡಬಹುದಾದ ಮೂರನ್ನು ಒಂದೇ ಬೇಸಿಗೆಯಲ್ಲಿ ಅಕ್ಕಪಕ್ಕ ಹಾಕಿ ನೋಡಿದೆ. ಹಾಲ್ ಮೇಲೆ ಸುಣ್ಣ. ಮಲಗುವ ಕೋಣೆ ಮೇಲೆ ಕೂಲ್ ರೂಫ್ ಬಣ್ಣ, ಅಂದರೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಅಕ್ರಿಲಿಕ್ ಬಣ್ಣ. ಪಡುವಣ ಕಡೆಯ ಚಿಕ್ಕ ಕೋಣೆ ಮೇಲೆ ನೆರಳಿಗೆ ಕಟ್ಟುವ ಹಸಿರು ನೆಟ್. ಮೆಟ್ಟಿಲ ಪಕ್ಕದ ಚೂರು ಜಾಗವನ್ನು ಮಾತ್ರ ಹೋಲಿಸಲು ಅಂತ ಹಾಗೇ ಬೋಳು ಬಿಟ್ಟೆ. ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲು ಕಡೆ ಕೆಲಸಕ್ಕೆ ಹೋಗುವ ಗೆಳೆಯನ ಹತ್ತಿರ ದೂರದಿಂದಲೇ ಬಿಸಿ ಅಳೆಯುವ ಗನ್ ಇತ್ತು, ಅದನ್ನು ಇಸ್ಕೊಂಡೆ.

ಮೊದಲು ಸುಣ್ಣ. ಇದನ್ನು ಬಡವರ ಮದ್ದು ಅಂತ ಪಕ್ಕಕ್ಕೆ ತಳ್ಳುವವರು ಜಾಸ್ತಿ. ಆದರೆ 2017ರಲ್ಲಿ ಅಹಮದಾಬಾದ್ ಪಾಲಿಕೆ ಸಾವಿರಾರು ಮನೆಗಳ ಮಾಳಿಗೆಗೆ ಬಳಿಸಿದ್ದು ಇದೇ ಬಿಳಿ ಸುಣ್ಣವನ್ನು. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್‌ಗೆಂದು ಒಂದು ನೀತಿಯನ್ನೇ ತಂದಿತು. ಬಿಳಿ ಮಾಳಿಗೆ ಹೊಸ ಶೋಕಿಯಲ್ಲ, ಬಿಸಿಲನ್ನು ಬಂದ ದಾರಿಗೇ ಕಳಿಸುವ ಸರಳ ಕೆಲಸ.

ಪುಡಿ ಸುಣ್ಣ ಬೇಡ, ಸುಟ್ಟ ಸುಣ್ಣದ ಕಲ್ಲನ್ನೇ ತನ್ನಿ. ಅದನ್ನು ಅರಳಿಸುವುದೇ ಒಂದು ನೋಟ. ನೀರಿಗೆ ಬಿದ್ದ ಕಲ್ಲು ಒಂದು ಗಳಿಗೆ ಸುಮ್ನೆ ಇರುತ್ತದೆ. ಆಮೇಲೆ ಚಟಪಟ ಅಂತ ಬಿರಿದು, ಬುಸುಗುಟ್ಟಿ, ಕೊತಕೊತ ಕುದಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇದನ್ನು ಮಾಡಲೇಬೇಡಿ, ತಳ ಮೆತ್ತಗಾಗಿ ಬಿಡುತ್ತದೆ. ಹಳೇ ತಗಡಿನ ಡಬ್ಬ ಸಾಕು. ನೀರು ಮೊದಲು, ಕಲ್ಲು ಆಮೇಲೆ, ಅದೂ ಸ್ವಲ್ಪ ಸ್ವಲ್ಪ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಬೇಕೇ ಬೇಕು. ಕಣ್ಣಿಗೆ ಸಿಡಿದರೆ ಕಣ್ಣೇ ಹೋಗುವಷ್ಟು ಖಾರ ಇದು. ಮಕ್ಕಳನ್ನು ಹತ್ತಿರ ಬಿಡಬೇಡಿ.

ರಾತ್ರಿಯಿಡೀ ಬಿಟ್ಟು, ಹಳೇ ಪಂಚೆಯಲ್ಲಿ ಸೋಸಿ, ಮಜ್ಜಿಗೆ ಹದಕ್ಕೆ ತೆಳು ಮಾಡಿಕೊಂಡೆ. ಅಂಟಿಗೆ ಒಂದಿಷ್ಟು ಫೆವಿಕಾಲ್. ಪಕ್ಕದ ಮನೆ ಮಾಮ ಬಂದು, "ಒಂದ್ ಚಿಟಿಕಿ ನೀಲಿ ಹಾಕಪ್ಪಾ, ಥಳಥಳ ಅಂತೈತಿ" ಅಂದರು. ಗೋಡೆಗಾದರೆ ಸರಿ. ಮಾಳಿಗೆಗೆ ಅಚ್ಚ ಬಿಳಿಯೇ ಬೇಕು, ಚಂದ ಅಲ್ಲ.

ಸುಣ್ಣ ಹೊಡೆಯುವುದು ಸಂಜೆ. ಮೊದಲು ಸ್ಲ್ಯಾಬನ್ನು ಒದ್ದೆ ಮಾಡಿ, ಆಮೇಲೆ ಕತ್ತಾಳೆ ನಾರಿನ ಕುಂಚದಲ್ಲಿ ತೆಳ್ಳಗೆ ಬಳಿಯಬೇಕು. ಹಸಿ ಇದ್ದಾಗ ಏನೂ ಕಾಣುವುದಿಲ್ಲ. ಬರೀ ಬೂದು ನೀರು ಬಳಿದಂತೆ ಇರುತ್ತದೆ, ಅದಕ್ಕೇ ದಪ್ಪ ಬಳಿಯುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಒಣಗಿದ ಮೇಲೆ ತಾನೇ ಬೆಳ್ಳಗಾಗುತ್ತದೆ. ದಪ್ಪಗೆ ಬಳಿದದ್ದು, ಬಿಸಿಲಲ್ಲಿ ಬಳಿದದ್ದು ಎರಡೂ ಹಪ್ಪಳದ ಹಾಗೆ ಎದ್ದು ಬರುತ್ತವೆ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಕಲ್ಲಾಗುವುದರಿಂದ. ಅದಕ್ಕೆ ತೇವವೂ ಬೇಕು, ಸಮಯವೂ ಬೇಕು. ಮಾರನೇ ದಿನ ಇನ್ನೊಂದು ಕೈ ಹೊಡೆದರೆ ಮುಗಿಯಿತು. ಖರ್ಚು ಐನೂರು ರೂಪಾಯಿಯ ಒಳಗೇ.

ಬಣ್ಣಕ್ಕೆ ಬಂದರೆ, ಬೆಂಗಳೂರು ರಸ್ತೆಯ ಅಂಗಡಿಯಲ್ಲಿ ಬಕೆಟ್ಟಿಗೆ ಐದು ಸಾವಿರದ ಮೇಲೇ ಆಯಿತು. ಡಬ್ಬದ ಮೇಲೆ ಎಸ್‌ಆರ್‌ಐ (ಸೋಲಾರ್ ರಿಫ್ಲೆಕ್ಟೆನ್ಸ್ ಇಂಡೆಕ್ಸ್) ಅಂತ ಒಂದು ಅಂಕಿ ಇರುತ್ತದೆ, ಬಿಸಿಲಿಗೆ ಮೇಲ್ಮೈ ಎಷ್ಟು ಕಾಯದೆ ಉಳಿಯುತ್ತದೆ ಅನ್ನುವ ಲೆಕ್ಕ, ಅಂಗಡಿಯವರು ಅದನ್ನೇ ತೋರಿಸುತ್ತಾರೆ. ಗೊತ್ತುಮಾಡಿದ ಒಂದು ಕಪ್ಪು ಮೇಲ್ಮೈಗೆ 0, ಬಿಳಿ ಮೇಲ್ಮೈಗೆ 100 ಅಂತ ಇಟ್ಟುಕೊಂಡು ಮಾಡಿದ ಅಳತೆ ಅದು. 100 ದಾಟಿದ ಬಣ್ಣಗಳೂ ಇವೆ. ಆದರೆ ಅದು ಬಣ್ಣ ಹೊಸದಿದ್ದಾಗಿನ ಲೆಕ್ಕ. ನಮ್ಮೂರಿನ ಕೆಂಪು ಧೂಳು ಒಂದು ತಿಂಗಳು ಕೂತ ಮೇಲೆ ಯಾವ ಡಬ್ಬದ ಅಂಕಿಯೂ ಹಾಗೇ ಉಳಿಯುವುದಿಲ್ಲ.

ಬಣ್ಣದಲ್ಲಿ ಅರ್ಧ ಕೆಲಸ ಬಣ್ಣದ್ದಲ್ಲ, ತಿಕ್ಕುವುದರದ್ದು. ತಂತಿ ಬ್ರಷ್‌ನಿಂದ ಪಾಚಿ, ಸಿಮೆಂಟಿನ ಚಕ್ಕೆ ಎಲ್ಲ ಕೆರೆದು, ತೊಳೆದು, ಪೂರ್ತಿ ಒಣಗಿಸಬೇಕು. ಬಿರುಕಿದ್ದರೆ ಸ್ವಲ್ಪ ಅಗಲ ಮಾಡಿ ಕ್ರ್ಯಾಕ್ ಫಿಲ್ಲರ್ ತುಂಬಬೇಕು. ಮೊದಲ ಕೈ ನೀರು ಬೆರೆಸಿ ತೆಳ್ಳಗೆ, ಎರಡನೆಯದು ದಪ್ಪ, ಮೂರನೆಯದು ಅದಕ್ಕೆ ಅಡ್ಡಡ್ಡ. ಬೆಳಗ್ಗೆ ಸ್ಲ್ಯಾಬ್ ತಣ್ಣಗಿರುವಾಗಲೇ ಮುಗಿಸಬೇಕು, ಕಾದ ಮೇಲೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಒರಟು ಸ್ಲ್ಯಾಬ್ ಬಣ್ಣ ಕುಡಿಯುವ ಪರಿ ನೋಡಿದರೆ ಡಬ್ಬದ ಮೇಲೆ ಬರೆದ ಚದರಡಿ ಲೆಕ್ಕವನ್ನು ನಂಬಬಾರದು. ಬೆನ್ನಂತೂ ಬಿದ್ದುಹೋಗುತ್ತದೆ.

ನೆಟ್ ಕೆಲಸ ಬೇಗ ಮುಗಿಯಿತು. ಮೆಣಸಿನ ಸಸಿ ಬೆಳೆಸುವ ನರ್ಸರಿಯವರು ಕಟ್ಟುವ ಅದೇ ನೆಟ್ಟು. 50, 75, 90 ಅಂತ ಬರುತ್ತದೆ, ಶೇಕಡಾ ಎಷ್ಟು ನೆರಳು ಅನ್ನುವ ಲೆಕ್ಕ. ನಾನು ತಂದದ್ದು 75ರದ್ದು. ಆಳೆತ್ತರಕ್ಕಿಂತ ಮೇಲೆ ಪೈಪು ನಿಲ್ಲಿಸಿ ಬಿಗಿದೆ. ಕೆಲವರು ನೆಟ್ಟನ್ನು ಸ್ಲ್ಯಾಬ್ ಮೇಲೇ ಹಾಸುತ್ತಾರೆ, ಅದರಿಂದ ಏನೂ ಬರುವುದಿಲ್ಲ. ನೆಟ್ಟೂ ಕಾಯುತ್ತದೆ, ಆ ಕಾವನ್ನು ಗಾಳಿ ಹೊತ್ತೊಯ್ಯಲು ನಡುವೆ ಜಾಗ ಬೇಕು. ಅಂಚನ್ನು ಎರಡು ಮಡಿಕೆ ಮಾಡಿ ಹಗ್ಗ ಪೋಣಿಸಬೇಕು. ಒಂದೇ ಪದರಕ್ಕೆ ಗಂಟು ಹಾಕಿದರೆ ಗಾಳಿಗೆ ಅಲ್ಲೇ ಹರಿಯುತ್ತದೆ. ಪೈಪು, ಹಗ್ಗ ಸೇರಿ ಎರಡು ಸಾವಿರದ ಆಸುಪಾಸು ಬಂತು.

ಈಗ ಫಲಿತಾಂಶ. ಮೇ ತಿಂಗಳ ಮಧ್ಯಾಹ್ನ ಮೂರರ ಹೊತ್ತಿಗೆ ಬೋಳು ಸ್ಲ್ಯಾಬ್ 60 ಡಿಗ್ರಿ ದಾಟಿತ್ತು. ಸುಣ್ಣ ಮತ್ತು ಬಣ್ಣ ಎರಡೂ 45ರ ಹತ್ತಿರ. ಬಣ್ಣ ಒಂದೆರಡು ಡಿಗ್ರಿ ಹೆಚ್ಚು ತಂಪಾಗಿತ್ತು ಅಷ್ಟೇ. ನೆಟ್ ಕೆಳಗೆ ಇವೆರಡಕ್ಕಿಂತ ಸ್ವಲ್ಪ ಜಾಸ್ತಿ. ಗನ್ ಇಲ್ಲದಿದ್ದರೂ ಬರಿಗಾಲಲ್ಲಿ ನಿಂತರೆ ಗೊತ್ತಾಗುತ್ತಿತ್ತು. ಬೋಳು ಜಾಗದಲ್ಲಿ ಕಾಲಿಡಲು ಆಗಲ್ಲ, ಉಳಿದ ಮೂರರಲ್ಲಿ ನಿಲ್ಲಬಹುದು. ರಾತ್ರಿ ಊಟದ ಹೊತ್ತಿಗೆ ಒಳಗಿನ ಛಾವಣಿ ಮುಟ್ಟಿದರೆ ಸುಣ್ಣದ ಕೋಣೆಗೂ ಬಣ್ಣದ ಕೋಣೆಗೂ ನನಗಂತೂ ವ್ಯತ್ಯಾಸ ಕಾಣಲಿಲ್ಲ. ಐನೂರಕ್ಕೂ ಐದು ಸಾವಿರಕ್ಕೂ ತಂಪಿನಲ್ಲಿ ಇರುವ ಫರಕು ಇಷ್ಟೇ.

ಆದರೆ ಮನೆ ಅಂದಮೇಲೆ ತಂಪೊಂದೇ ಅಲ್ಲ ಅಲ್ವಾ. ಬೇಸಿಗೆಯಲ್ಲಿ ನಾವು ಮಲಗುವುದು ಮಾಳಿಗೆ ಮೇಲೆ. ಮೊದಲ ರಾತ್ರಿಯೇ ಅವ್ವ, "ಹಾಸ್ಗಿ ತುಂಬಾ ಸುಣ್ಣ ಆಗೈತಲ್ಲೋ" ಅಂದಳು. ಎಷ್ಟೇ ಅಂಟು ಹಾಕಿದರೂ ಸುಣ್ಣ ಕಾಲಿಗೆ ಹತ್ತುತ್ತದೆ, ಮೆಟ್ಟಿಲಿಳಿದು ಮನೆಯೊಳಗೂ ಬರುತ್ತದೆ. ಸಂಡಿಗೆ ಹಾಕಲು ನೆಟ್ ಕೆಳಗೆ ಬಿಸಿಲಿಲ್ಲ. ಕೊನೆಗೆ ಸಂಡಿಗೆ, ಹಾಸಿಗೆ ಎರಡೂ ಬಣ್ಣದ ಭಾಗಕ್ಕೆ ಹೋದವು. ಅಲ್ಲಿ ಧೂಳು ಕೂತರೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಿಳುಪು ವಾಪಸು ಬರುತ್ತದೆ. ಸುಣ್ಣವನ್ನು ತೊಳೆದರೆ ಸುಣ್ಣವೇ ಹೋಗುತ್ತದೆ. ಮಧ್ಯಾಹ್ನ ಬಿಳಿ ಮಾಳಿಗೆ ಕಣ್ಣು ಕುಕ್ಕುವುದು ಮಾತ್ರ ಎರಡರಲ್ಲೂ ಒಂದೇ, ಕಪ್ಪು ಕನ್ನಡಕ ಇಲ್ಲದೆ ಹತ್ತಬೇಡಿ.

ಮಳೆ ಬಂದಾಗ ಇನ್ನೊಂದಿಷ್ಟು ಸಂಗತಿ ಬಯಲಾಯಿತು. ಸುಣ್ಣ ಮೊದಲ ದೊಡ್ಡ ಮಳೆಗೆ ಹಾಲಿನಂತೆ ಇಳಿಯಿತು. ಮಳೆನೀರನ್ನು ನೆಲದಡಿಯ ಸಂಪ್ ತೊಟ್ಟಿಗೆ ಬಿಡುವವರು ಆಗ ಪೈಪು ತಪ್ಪಿಸಬೇಕು. ನೆಟ್ಟಿಗೆ ಮಳೆಗಿಂತ ಆಷಾಢದ ಗಾಳಿ ಶತ್ರು, ಮೇ ಮುಗಿಯುವ ಮೊದಲೇ ಬಿಚ್ಚಿ ಸುತ್ತಿಟ್ಟೆ. ಬಣ್ಣದ ಭಾಗದಲ್ಲಿ ಪ್ಯಾರಾಪೆಟ್ ಬುಡದ ಹಳೇ ಸೋರಿಕೆ ನಿಂತಿತ್ತು. ಐದು ಸಾವಿರ ಹೋದದ್ದು ನಿಜವಾಗಿ ಇದಕ್ಕೆ. ತಂಪಿನ ಜೊತೆ ಬಿರುಕಿಗೂ ಮದ್ದು ಬೇಕಿದ್ದವರು ಬಣ್ಣ ತರಬೇಕು. ಸೋರದ ಮಾಳಿಗೆ, ಮೇಲೆ ಮಲಗುವ ರೂಢಿ ಇಲ್ಲದವರು ವರ್ಷಕ್ಕೊಮ್ಮೆ ಯುಗಾದಿ ಹೊತ್ತಿಗೆ ಸುಣ್ಣ ಹೊಡೆದರೆ ಸಾಕು. ಬಾಡಿಗೆ ಮನೆಯವರಿಗೆ ನೆಟ್ಟೇ ವಾಸಿ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.

ಒಂದನ್ನು ಮಾತ್ರ ಕೆಲಸ ಹಿಡಿಯುವ ಮುಂಚೆ ತೀರ್ಮಾನ ಮಾಡಿಕೊಳ್ಳಿ. ಬಣ್ಣದ ಆಸೆ ಮುಂದೆಂದಾದರೂ ಇದ್ದರೆ ಈಗ ಸುಣ್ಣ ಮುಟ್ಟಬೇಡಿ. ಸುಣ್ಣದ ಪುಡಿ ಮೇಲೆ ಅಕ್ರಿಲಿಕ್ ಬಣ್ಣ ಹಿಡಿಯುವುದಿಲ್ಲ, ಸುಣ್ಣದ ಜೊತೆಗೇ ಹಾಳೆಯಾಗಿ ಕಿತ್ತು ಬರುತ್ತದೆ. ಹಾಲ್ ಮೇಲಿನ ಸುಣ್ಣವನ್ನು ಕೆರೆಯುವ ಕೆಲಸ ನನಗೆ ಈ ಚಳಿಗಾಲಕ್ಕೆ ಕಾದಿದೆ. ಅವ್ವ ಅಲ್ಲಿಗೂ ಬಣ್ಣವೇ ಬೇಕು ಅಂತ ಹೇಳಿಯಾಗಿದೆ.