ಶಹಾಬಾದ್ ಕಲ್ಲಿನ ನೆಲ: ನಾಲ್ಕು ಬೇಸಿಗೆ, ಒಂದು ನಿಂಬೆ ಹೋಳು

ನಮ್ಮ ಊಟದ ಮೇಜಿನ ಕೆಳಗೆ, ಮಗ ಕೂರುವ ಕುರ್ಚಿಯ ಪಕ್ಕದಲ್ಲಿ, ಹಳೆಯ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಮಂಕು ಕಲೆ ಇದೆ. ಸುತ್ತಲಿನ ಕಲ್ಲು ಮಿರಮಿರ ಮಿಂಚುವಾಗ ಆ ಜಾಗ ಮಾತ್ರ ಆವಿ ಕೂತ ಕನ್ನಡಿಯಂತಿರುತ್ತದೆ. ಒರೆಸಿದರೆ ಹೋಗುವುದಿಲ್ಲ. ಚಿತ್ರಾನ್ನಕ್ಕೆ ಹಿಂಡಿದ ನಿಂಬೆ ಹೋಳು ತಟ್ಟೆಯಿಂದ ಜಾರಿ ಬಿದ್ದು ಹತ್ತು ನಿಮಿಷ ಅಲ್ಲೇ ಇತ್ತು, ಅಷ್ಟೇ. ನೆಲ ಹಾಕಿಸಿ ಆಗಿನ್ನೂ ಮೂರು ವಾರವಾಗಿರಲಿಲ್ಲ.

ಶಹಾಬಾದ್ ಕಲ್ಲು ಎಂದರೆ ಸುಣ್ಣದ ಕಲ್ಲು. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಆ ಸೀಮೆಯ ಸುಣ್ಣದ ಕಲ್ಲಿನ ಮೇಲೆಯೇ. ಸುಣ್ಣಕ್ಕೂ ಹುಳಿಗೂ ಆಗಿಬರುವುದಿಲ್ಲ ಎಂದು ಹೈಸ್ಕೂಲಿನಲ್ಲಿ ಓದಿದ್ದೆ. ಮಾರುವವರು ನೆನಪಿಸಲಿಲ್ಲ, ನನಗೂ ಹೊಳೆಯಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಹುಳಿಯಿಲ್ಲದ್ದಾದರೂ ಯಾವುದು? ಸಾರು, ಗೊಜ್ಜು, ಮಜ್ಜಿಗೆ, ಉಪ್ಪಿನಕಾಯಿಯ ರಸ, ಹುಣಸೆಹಣ್ಣು ಕಿವುಚಿದ ಕೈಯಿಂದ ತೊಟ್ಟಿಕ್ಕುವ ನೀರು. ಮೊದಲ ವರ್ಷ ನಾನು ಊಟಕ್ಕೆ ಕೂರುತ್ತಿದ್ದದ್ದೇ ಒದ್ದೆ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು. ನೆಂಟರು ಬಂದರೆ ಅವರ ಮಾತಿಗಿಂತ ಅವರ ತಟ್ಟೆಯ ಅಂಚಿನ ಮೇಲೆಯೇ ನನ್ನ ಗಮನ.

"ಸೀಲರ್ ಹಚ್ಚಿಸಿ, ಏನೂ ಆಗುವುದಿಲ್ಲ" ಎಂದರು. ಹಚ್ಚಿಸಿದೆ. ಎಣ್ಣೆ, ಅರಿಸಿನ ಈಗ ಕಲ್ಲಿನೊಳಗೆ ಇಳಿಯುವುದಿಲ್ಲ, ಅಷ್ಟು ನಿಜ. ಆದರೆ ಹುಳಿ ಮಾಡುವುದು ಬಣ್ಣ ಹಿಡಿಸುವ ಕೆಲಸವಲ್ಲ. ಅದು ಕಲ್ಲಿನ ಮೈಯನ್ನೇ ತಿನ್ನುತ್ತದೆ. ಕಲ್ಲಿನೊಳಕ್ಕೆ ಇಂಗುವ ಈ ಸೀಲರ್ ಅದನ್ನು ತಡೆಯುವುದಿಲ್ಲ. ಈ ವ್ಯತ್ಯಾಸವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲವಾದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಹಾಗಾದರೆ ಇದನ್ನು ಯಾಕೆ ಆರಿಸಿದೆ? ನಾನು ಕಲಬುರಗಿಯ ಹುಡುಗಿ. ನಮ್ಮ ಕಡೆ ಇದಕ್ಕೆ ಫರ್ಸಿ ಎನ್ನುತ್ತಾರೆ. ಮನೆ, ಅಂಗಳ, ಕಟ್ಟೆ ಎಲ್ಲವೂ ಅದೇ. ಬೆಂಗಳೂರಿನಲ್ಲಿ ಅದಕ್ಕೆ ಬಚ್ಚಲುಮನೆಯ ಆಚೆ ಮರ್ಯಾದೆ ಇಲ್ಲ. "ಪಾತ್ರೆ ತೊಳೆಯುವ ಕಲ್ಲನ್ನು ತಂದು ಹಾಲ್‌ಗೆ ಹಾಕಿಸುತ್ತೀಯಾ?" ಎಂದರು ತುಮಕೂರಿನವರಾದ ನಮ್ಮವರು. ಮೂರನೇ ಮಹಡಿಯ ಈ ಫ್ಲ್ಯಾಟಿನಲ್ಲಿ ಬಿಲ್ಡರ್ ಹಾಕಿಕೊಟ್ಟಿದ್ದ ಬಿಳಿಯ ವಿಟ್ರಿಫೈಡ್ ಟೈಲ್ಸ್ ಮೇಲೆ ಎರಡು ಸಲ ಜಾರಿದ್ದವರು ಅವರೇ ಆದ್ದರಿಂದ ವಾದ ಹೆಚ್ಚು ಬೆಳೆಯಲಿಲ್ಲ. ಹಾಲ್ ಮತ್ತು ಅಡುಗೆಮನೆ ಸೇರಿ 340 ಚದರ ಅಡಿಗೆ ಒಟ್ಟು 62 ಸಾವಿರ ರೂಪಾಯಿ ಆಯಿತು. ಅದರಲ್ಲಿ ಕಲ್ಲಿನ ಬೆಲೆ ಕಾಲು ಭಾಗ ಮಾತ್ರ. ಉಳಿದದ್ದು ಒಡೆಯುವುದು, ಹೊರುವುದು, ಕೂರಿಸುವುದು, ಉಜ್ಜುವುದು.

ಹಳೆಯ ಟೈಲ್ಸ್ ಮೇಲೆಯೇ ಹಾಕಿಬಿಡೋಣ ಎಂದು ಮೊದಲು ಬಂದ ಗುತ್ತಿಗೆದಾರ ಹೇಳಿದ್ದ. ಕೇಳಬೇಡಿ. 25 ಮಿಲಿಮೀಟರ್ ದಪ್ಪದ ಈ ಕಲ್ಲು ಚದರ ಮೀಟರಿಗೆ ಸುಮಾರು 65 ಕಿಲೋ ತೂಗುತ್ತದೆ, ಅದರಡಿಯ ಗಾರೆಯದು ಬೇರೆ. ನಾವು ಹಳೆಯದನ್ನು ಗಾರೆಸಹಿತ ಕಿತ್ತು, ಎಂಜಿನಿಯರ್ ಒಬ್ಬರಿಗೆ ತೋರಿಸಿ, ಆಮೇಲೆ ಹಾಕಿಸಿದೆವು. ಆದರೂ ನೆಲ ಒಂದು ಬೆರಳು ಮೇಲೆದ್ದು ಎರಡು ಬಾಗಿಲುಗಳ ಅಡಿ ಕೊಯ್ಸಬೇಕಾಯಿತು. ಕೊನೆಗೆ ಸಿಕ್ಕ ಮೇಸ್ತ್ರಿ ಚಿತ್ತಾಪುರದ ಕಡೆಯವನು. ಲಾರಿಯಿಂದ ಇಳಿದ ಮೊದಲ ಕಲ್ಲನ್ನು ಬೆರಳ ಗಂಟಿನಿಂದ ಟಣ್ಣೆನಿಸಿ, "ಅಕ್ಕಾ, ಇದು ನಮ್ಮೂರ ಫರ್ಸಿ" ಎಂದ. ಆಮೇಲೆ ಒಂದೊಂದನ್ನೂ ಬಡಿದು ಕಿವಿಗೊಟ್ಟು, ಮಂಕಾಗಿ ಸದ್ದು ಮಾಡಿದ ಹನ್ನೊಂದನ್ನು ಪಕ್ಕಕ್ಕಿಟ್ಟ. ನಾಲ್ಕು ವರ್ಷದಲ್ಲಿ ಒಂದು ಕಲ್ಲೂ ಅಲುಗಿಲ್ಲ.

ಪಾಲಿಶ್ ಮಾಡುವವರದು ಬೇರೆಯೇ ಕಥೆ. ನೀರು ಹಾಕಿ ಯಂತ್ರದಲ್ಲಿ ಉಜ್ಜುವಾಗ ಬೂದು ಬಣ್ಣದ ಹಾಲಿನಂಥ ರಾಡಿ ಏಳುತ್ತದೆ. ಅದು ಬಾಲ್ಕನಿ ದಾಟಿ, ಕೆಳಗಿನ ಮನೆಯ ಯಜಮಾನರು ಒಣಹಾಕಿದ್ದ ಬಿಳಿ ಪಂಚೆಯ ಮೇಲೆ ಇಳಿಯಿತು. ಹೊಸ ಪಂಚೆ ಕೊಡಿಸಿದೆ. ಮುಖ ಸರಿಹೋಗಲು ಯುಗಾದಿ ಬರಬೇಕಾಯಿತು. ಇಷ್ಟೆಲ್ಲ ಪಟ್ಟು ಪಡೆದ ಕನ್ನಡಿ ಹೊಳಪೇ ನಾನು ಮಾಡಿದ ತಪ್ಪು. ಹೊಳಪಿದ್ದರೆ ತಾನೇ ಹುಳಿಯ ಕಲೆ ಎದ್ದು ಕಾಣುವುದು? ಕೆಲಸ ಮುಗಿದ ಮೇಲೆ ಆ್ಯಸಿಡ್ ಹಾಕಿ ತೊಳೆದುಕೊಡುತ್ತೇವೆ ಎಂದು ಹುಡುಗರು ಬಂದರೆ ಮಾತ್ರ ಬಾಗಿಲಲ್ಲೇ ತಡೆಯಿರಿ. ಟೈಲ್ಸ್‌ಗೆ ಮಾಡಿ ರೂಢಿ, ಇದಕ್ಕೂ ಸುರಿದುಬಿಡುತ್ತಾರೆ.

ಬಯ್ಯುತ್ತಲೇ ಇರಬೇಕೆಂದು ಕೂತರೂ ಏಪ್ರಿಲ್ ಬರುತ್ತದೆ. ಮಧ್ಯಾಹ್ನ ಎರಡೂವರೆಗೆ ಅತ್ತೆ ಬರಿಯ ನೀರಿನಲ್ಲಿ ಹಾಲ್‌ನ ನೆಲವನ್ನು ಒರೆಸಿಸುತ್ತಾರೆ. ಒದ್ದೆಯಾದೊಡನೆ ಬೂದು ಕಲ್ಲು ಮಳೆಮೋಡದ ಬಣ್ಣಕ್ಕೆ ತಿರುಗುತ್ತದೆ, ನಡುನಡುವೆ ತೆಳು ಗೆರೆಗಳು ಏಳುತ್ತವೆ. ಅದು ಆರುವುದನ್ನೇ ಕಾದು, ಚಾಪೆಯೂ ಇಲ್ಲದೆ, ತಲೆಗೊಂದು ಮಡಿಚಿದ ಟವೆಲ್ ಇಟ್ಟುಕೊಂಡು ಮಲಗುತ್ತಾರೆ. ಮೈಯ ಕೆಳಗಿನ ಕಲ್ಲು ಬೆಚ್ಚಗಾದರೆ ಕಣ್ಣು ತೆರೆಯದೆಯೇ ಪಕ್ಕದ ಕಲ್ಲಿಗೆ ಸರಿಯುತ್ತಾರೆ. ಕಿಟಕಿಯ ಬಳಿ ಶುರುವಾದ ನಿದ್ದೆ ನಾಲ್ಕು ಗಂಟೆಯ ಕಾಫಿ ಹೊತ್ತಿಗೆ ದೇವರ ಕೋಣೆಯ ಹತ್ತಿರ ಮುಗಿಯುತ್ತದೆ. ಆ ಹಳೆಯ ಟೈಲ್ಸ್ ಮೇಲೆ ಅವರು ಒಂದು ದಿನವೂ ಹೀಗೆ ಮಲಗಿದವರಲ್ಲ. ಎ.ಸಿ. ಹಾಕಿಸುವ ಮಾತನ್ನು ನಾವು ಮೂರು ವರ್ಷದಿಂದ ಮುಂದೂಡುತ್ತಲೇ ಬಂದಿದ್ದೇವೆ. (ಡಿಸೆಂಬರಿನಲ್ಲಿ ಇದೇ ನೆಲ ಅಂಗಾಲು ಕಚ್ಚುತ್ತದೆ, ಮಂಡಿನೋವಿನವರು ಕಾಲುಚೀಲ ಹಾಕಿಕೊಳ್ಳಲಿ.)

ಕಲೆಗಳಿಗೂ ಒಂದು ದಾರಿ ಸಿಕ್ಕಿತು. ಪೇಂಟರ್‌ಗಳು ಬಳಸುವ ನಯವಾದ ವಾಟರ್ ಪೇಪರ್ ತಂದು, ನೀರು ಹಾಕಿ, ಕಲೆಯನ್ನಷ್ಟೇ ಅಲ್ಲದೆ ಇಡೀ ಕಲ್ಲನ್ನು ಒಂದೇ ಸಮನೆ ಉಜ್ಜಿದರೆ ಹೊಳಪು ಇಳಿದು ಕಲೆ ಅದರೊಳಗೆ ಸೇರಿಹೋಗುತ್ತದೆ. ಭಾನುವಾರಕ್ಕೆ ಎರಡು ಕಲ್ಲಿನಂತೆ ಅಡುಗೆಮನೆ ಮುಗಿಸಿದ್ದೇನೆ. ಈಗ ಅದು ಅಮ್ಮನ ಮನೆಯ ಪಡಸಾಲೆಯಂತಿದೆ, ನಾನು ಮೊದಲೇ ಕೇಳಬೇಕಿದ್ದದ್ದೂ ಅದನ್ನೇ. ಮೇಜಿನ ಕೆಳಗಿನ ನಿಂಬೆ ಕಲೆಯನ್ನು ಮಾತ್ರ ಮಗ ಉಜ್ಜಲು ಬಿಡುತ್ತಿಲ್ಲ.

ಮುಂದಿನ ಫೆಬ್ರವರಿಗೆ ಮಲಗುವ ಕೋಣೆಗೂ ಇದನ್ನೇ ಹಾಕಿಸುತ್ತಿದ್ದೇವೆ, ಕನ್ನಡಿ ಹೊಳಪಿಲ್ಲದೆ, ಹದವಾಗಿ ಉಜ್ಜಿಸಿ. ಮೇಸ್ತ್ರಿಗೆ ಮುಂಗಡ ಕೊಟ್ಟಾಗಿದೆ. ಕೆಳಗಿನ ಮನೆಯವರಿಗೆ ಇನ್ನೂ ಹೇಳಿಲ್ಲ.