ದೊಡ್ಡ ಶಾಲೆ ಒಂದು, ಚಿಕ್ಕ ಶಾಲೆ ಎರಡು: ಮಗಳನ್ನು ಕೂರಿಸಿ ನೋಡಿದ ಮೇಲೆ

ಎರಡನೇ ತರಗತಿ ಮುಗಿಯುವ ಹೊತ್ತಿಗೆ ಮಗಳು ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಮನೆಯಲ್ಲಿ ನೋಡಿದರೆ ಅವಳ ಬಾಯಿಗೆ ಬಿಡುವೇ ಇಲ್ಲ. ಪೋಷಕರ ಸಭೆಯಲ್ಲಿ ಟೀಚರ್‌ ಅವರನ್ನು ಕೇಳಿದೆ. "ತುಂಬಾ ಒಳ್ಳೆ ಹುಡುಗಿ, ಏನೂ ತೊಂದರೆ ಕೊಡಲ್ಲ" ಎಂದರು. ಒಂದು ವರ್ಷ ದಿನಾ ನೋಡಿದವರಿಗೆ ಅವಳ ಬಗ್ಗೆ ಹೇಳಲು ಇದ್ದದ್ದು ಅಷ್ಟೇ. ಅವರನ್ನು ದೂರುವಂತಿಲ್ಲ, ತರಗತಿಯಲ್ಲಿ 38 ಮಕ್ಕಳು. ತೊಂದರೆ ಕೊಡುವವರನ್ನು ನೋಡುವುದರಲ್ಲೇ ದಿನ ಮುಗಿಯುತ್ತದೆ.

ಆಗ ಹುಡುಕಾಟ ಶುರುವಾಯಿತು. ಖಾಸಗಿ ಶಾಲೆ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆವು. ಸರ್ಕಾರದ ದುಡ್ಡಲ್ಲೇ ನಡೆಯುವ, ಶುಲ್ಕವಿಲ್ಲದ, ಆದರೆ ಪಾಠ ಮಾಡುವ ದಾರಿ ಬೇರೆಯಾಗಿರುವ ಎರಡು ಚಿಕ್ಕ ಶಾಲೆಗಳು ಸಿಕ್ಕವು. ಒಂದರಲ್ಲಿ 64 ಮಕ್ಕಳು, ನಾಲ್ವರು ಟೀಚರ್‌ಗಳು. ಇನ್ನೊಂದರಲ್ಲಿ 50 ಮಕ್ಕಳು, ಇಬ್ಬರು ಟೀಚರ್‌ಗಳು, ಜೊತೆಗೆ ಮೂವರು ಸಹಾಯಕರು. ಎರಡರಲ್ಲೂ ಮಗಳನ್ನು ಒಂದೊಂದು ವಾರ ಕೂರಿಸಿದೆವು. ಆಮೇಲೆ ಮೊದಲನೆಯದಕ್ಕೆ ಸೇರಿಸಿದೆವು. ಈಗ ಒಂದೂವರೆ ವರ್ಷ ಆಯಿತು. ಸುಲಭಕ್ಕೆ ಅವನ್ನು ದೊಡ್ಡದು, ನಾಲ್ವರದು, ಇಬ್ಬರದು ಎನ್ನುತ್ತೇನೆ.

"ಇಂಥ ಶಾಲೆಗಳೆಲ್ಲ ದುಡ್ಡಿದ್ದವರ ಶೋಕಿ" ಎಂದು ನಮ್ಮ ಮನೆಯವರು ಮೊದಲು ಮೂಗು ಮುರಿದಿದ್ದರು. ನಾನೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದೆ. ಆದರೆ ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿ ಡೆಬೊರಾ ಮೀಯರ್ 1974ರಲ್ಲಿ ಇಂಥದೇ ಒಂದು ಚಿಕ್ಕ ಸರ್ಕಾರಿ ಶಾಲೆ ತೆರೆದರು, ಸೆಂಟ್ರಲ್ ಪಾರ್ಕ್ ಈಸ್ಟ್ ಎಂದು. ಅದಿದ್ದದ್ದು ಬಡವರ ಬಡಾವಣೆಯಲ್ಲಿ. ಅದನ್ನು ಓದಿದ ಮೇಲೆ ಮನೆಯಲ್ಲಿ ವಾದ ತಣ್ಣಗಾಯಿತು.

ಮೊದಲು ಇಬ್ಬರದನ್ನು ಯಾಕೆ ಬಿಟ್ಟೆವು ಎಂದು ಹೇಳಿಬಿಡುತ್ತೇನೆ. ಅಲ್ಲಿ ಮಕ್ಕಳಿಗೆ ಸ್ವಾತಂತ್ರ್ಯ ಜಾಸ್ತಿ. ಬೆಳಿಗ್ಗೆ ಏನು ಮಾಡಬೇಕು ಎಂದು ಮಕ್ಕಳೇ ಆರಿಸಿಕೊಳ್ಳುತ್ತಾರೆ. ಇದೇನೂ ಹೊಸ ಯೋಚನೆ ಅಲ್ಲ. 1921ರಲ್ಲಿ ಎ.ಎಸ್. ನೀಲ್ ಎಂಬವರು ಶುರು ಮಾಡಿದ ಶಾಲೆಯಾದ ಸಮ್ಮರ್‌ಹಿಲ್‌ನಲ್ಲಿ ಪಾಠಕ್ಕೆ ಹೋಗುವುದು ಬಿಡುವುದು ಮಕ್ಕಳಿಗೇ ಬಿಟ್ಟದ್ದು. ಕೇಳಲು ನನಗೂ ಇಷ್ಟವೇ. ಆದರೆ ನನ್ನ ಮಗಳು ಆ ಐದು ದಿನವೂ ಒಂದೇ ಮೂಲೆ ಹಿಡಿದು ಚಿತ್ರ ಬರೆದಳು. ನಾಲ್ಕನೇ ದಿನ ಟೀಚರ್‌ ಅವರನ್ನು ಕೇಳಿದೆ: "ಅವಳು ಮೂಲೆಯಿಂದ ಏಳದಿದ್ದರೆ ನೀವೇನು ಮಾಡುತ್ತೀರಿ?" "ಕಾಯುತ್ತೇವೆ" ಎಂದರು. "ಎಷ್ಟು ದಿನ?" ನಕ್ಕರು, ಅಷ್ಟೇ. ಗಲಗಲ ಎನ್ನುವ ಮಗುವಿಗೆ ಆ ಶಾಲೆ ಸ್ವರ್ಗ ಇರಬಹುದು. ಮುದುಡುವ ಮಗುವಿಗೆ ಮುದುಡಿಯೇ ಇರಲು ಅನುಕೂಲ ಮಾಡಿಕೊಟ್ಟಂತೆ.

ಇನ್ನೊಂದು ಲೆಕ್ಕವೂ ಇತ್ತು. ಶಾಲೆ ಚಿಕ್ಕದು ಎಂದಾಕ್ಷಣ ತರಗತಿ ಚಿಕ್ಕದು ಅಂತಲ್ಲ. 50 ಮಕ್ಕಳಿಗೆ ಇಬ್ಬರು ಅಂದರೆ ಒಬ್ಬರಿಗೆ 25 ಮಕ್ಕಳು. "ಸಹಾಯಕರು ಇದ್ದಾರಲ್ಲ" ಎಂದರು. ಅಮೆರಿಕದ ಟೆನೆಸಿ ರಾಜ್ಯ 1985ರಿಂದ ನಾಲ್ಕು ವರ್ಷ ಇದನ್ನೇ ಪರೀಕ್ಷೆ ಮಾಡಿ ನೋಡಿತ್ತು. ಕೆಲವು ಮಕ್ಕಳು 13ರಿಂದ 17 ಮಂದಿಯ ತರಗತಿಗೆ, ಕೆಲವರು 22ರಿಂದ 25 ಮಂದಿಯ ತರಗತಿಗೆ, ಇನ್ನು ಕೆಲವರು ಅಷ್ಟೇ ದೊಡ್ಡ ಆದರೆ ಸಹಾಯಕರಿರುವ ತರಗತಿಗೆ. ಯಾರು ಎಲ್ಲಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಚಿಕ್ಕ ತರಗತಿಯ ಮಕ್ಕಳು ಓದು, ಲೆಕ್ಕ ಎರಡರಲ್ಲೂ ಮುಂದೆ ಬಂದರು. ಸಹಾಯಕರನ್ನು ಸೇರಿಸಿದ್ದರಿಂದ ಅಂಥ ಲಾಭ ಕಾಣಲಿಲ್ಲ. ಹಾಗಾಗಿ ಶಾಲೆಯಲ್ಲಿ ಒಟ್ಟು ಎಷ್ಟು ಮಕ್ಕಳು ಎಂದು ಕೇಳುವುದನ್ನು ಬಿಟ್ಟೆ. ಒಬ್ಬ ಟೀಚರ್ ಎದುರು ಎಷ್ಟು ಮಕ್ಕಳು ಕೂರುತ್ತಾರೆ ಎಂದು ಕೇಳಲು ಕಲಿತೆ.

ಇನ್ನು ನಾಲ್ವರದು. ಇಲ್ಲಿ ಒಬ್ಬ ಟೀಚರ್‌ಗೆ 16 ಮಕ್ಕಳು. ಮೂರು ವಯಸ್ಸಿನವರು ಒಂದೇ ಕೋಣೆಯಲ್ಲಿ. ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್‌ನಲ್ಲಿ ಮೊದಲ ಶಾಲೆ ತೆರೆದಾಗಿನಿಂದ ಆ ಪದ್ಧತಿಯವರು ಹೀಗೆ ವಯಸ್ಸು ಬೆರೆಸಿ ಕೂರಿಸುತ್ತಾ ಬಂದಿದ್ದಾರೆ. ಇದು ಮಾಂಟೆಸ್ಸೊರಿ ಶಾಲೆ ಅಲ್ಲ, ಆದರೆ ಅಲ್ಲಿಂದ ಕಡ ತಂದ ಗುಣ ಇದು. ನಮ್ಮವಳಿಗೆ ಇದೇ ಕೈಹಿಡಿದದ್ದು. ಟೀಚರ್ ಎದುರು ಬಾಯಿ ಬಿಡದವಳು ತನಗಿಂತ ಎರಡು ವರ್ಷ ದೊಡ್ಡ ಹುಡುಗಿಯ ಹತ್ತಿರ ಪಿಸುಪಿಸು ಶುರು ಮಾಡಿದಳು. ಆರು ತಿಂಗಳಿಗೆ ಚಿಕ್ಕ ಮಕ್ಕಳಿಗೆ ಗಟ್ಟಿಯಾಗಿ ಕಥೆ ಓದಿ ಹೇಳುತ್ತಿದ್ದಳು. ಅದನ್ನು ಕಿಟಕಿಯ ಆಚೆ ನಿಂತು ನೋಡಿದ್ದೇನೆ. ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಮಾರ್ಕ್ಸ್ ಇಲ್ಲ. ಬದಲಿಗೆ ಅವಧಿಗೊಮ್ಮೆ ಎರಡು ಪುಟದ ಪತ್ರ ಬರುತ್ತದೆ. ನಮ್ಮತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಎಷ್ಟಕ್ಕೆ ಎಷ್ಟು ಬಂತು ಅಂತ ಎಲ್ಲಿದೆ?" ಎಂದರು. ನನಗೂ ಮೊದಮೊದಲು ಕಸಿವಿಸಿ. ಆದರೆ ಪತ್ರದಲ್ಲಿ ಇದ್ದದ್ದನ್ನು ನೋಡಿ: "ಗೊತ್ತಿಲ್ಲದ ಪದ ಬಂದರೆ ಹಾರಿಸಿ ಓದುತ್ತಾಳೆ, ಆಮೇಲೆ ಯಾರೂ ನೋಡದಾಗ ಹಿಂದೆ ಬಂದು ಬಿಡಿಸುತ್ತಾಳೆ." ದೊಡ್ಡ ಶಾಲೆಯ ಎರಡು ವರ್ಷದಲ್ಲಿ ಇಂಥ ಒಂದು ವಾಕ್ಯ ಸಿಕ್ಕಿರಲಿಲ್ಲ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಇದನ್ನು ಪರೀಕ್ಷಿಸಿದ್ದರು. ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸವನ್ನು ಚೆನ್ನಾಗಿ ಮಾಡಿದರು. ಟಿಪ್ಪಣಿಯ ಜೊತೆ ಅಂಕವನ್ನೂ ಕೊಟ್ಟಾಗ ಆ ಲಾಭ ಹೋಯಿತು. ಮಕ್ಕಳು ಅಂಕ ನೋಡಿ ಉಳಿದದ್ದನ್ನು ಬಿಡುತ್ತಾರೆ, ಅಲ್ವಾ? ನಮ್ಮತ್ತೆ ಕೂಡ.

ಇಷ್ಟು ಹೊಗಳಿದ ಮೇಲೆ ಗಣಿತದ ಕಥೆ ಹೇಳಲೇಬೇಕು.

ಮೊದಲ ಭೇಟಿಯಲ್ಲೇ ನಾನು ಮುಖ್ಯಶಿಕ್ಷಕಿಯನ್ನು ಕೇಳಿದ್ದೆ: "ನಿಮ್ಮ ಶಾಲೆಯಲ್ಲಿ ಯಾವುದು ಸರಿಯಾಗಿ ಆಗುತ್ತಿಲ್ಲ?" ಒಂದು ಕ್ಷಣವೂ ತಡೆಯದೆ "ಗಣಿತ" ಎಂದರು. ಎಂಥ ಪ್ರಾಮಾಣಿಕತೆ ಎಂದು ಖುಷಿಪಟ್ಟೆ. ಖುಷಿಯಲ್ಲಿ ಅವರು ಹೇಳಿದ್ದೇನು ಎಂಬುದನ್ನೇ ಮರೆತೆ. ಒಂದು ವರ್ಷ ಆದ ಮೇಲೆ ಸುಮ್ನೆ ಕೂತು 52ರಿಂದ 27 ಕಳೆ ಎಂದೆ. ಪಕ್ಕದ ಮನೆಯಿಂದ ಹತ್ತು ಕಡ ತರಬೇಕು ಎಂಬುದೇ ಅವಳಿಗೆ ಗೊತ್ತಿಲ್ಲ. 35 ಎಂದು ಬರೆದಳು. ಮಗ್ಗಿ ಐದರ ಆಚೆ ಹೋಗಿರಲಿಲ್ಲ. ಅದೇ ವರ್ಷ ಅವರೆಲ್ಲ ಸೇರಿ ಶಾಲೆಯ ಅಂಗಳದ ನಕ್ಷೆ ಮಾಡಿದ್ದರು. ಟೇಪ್ ಹಿಡಿದು ಅಳೆದದ್ದೆಲ್ಲ ಚೆನ್ನಾಗಿಯೇ ಇತ್ತು. ಆದರೆ ಅಳೆಯುವ ಕೆಲಸ ಬೇರೆಯವರದು, ಬಣ್ಣ ಹಚ್ಚುವ ಕೆಲಸ ನಮ್ಮವಳದು. ಗುಂಪಿನ ಕೆಲಸದಲ್ಲಿ ಇದೇ ಕಷ್ಟ. ಬಾರದ್ದನ್ನು ಬಚ್ಚಿಡಲು ಒಳ್ಳೆ ಜಾಗ.

ಟೀಚರ್ ಹತ್ತಿರ ಹೋದೆ. ಅವರು ಕಡತ ತೆಗೆದು ತೋರಿಸಿದರು. ಅವಳು ಕಳೆಯುವ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಾಳೆ ಎಂದು ನಾಲ್ಕು ತಿಂಗಳ ಹಿಂದೆಯೇ ಬರೆದಿಟ್ಟಿದ್ದರು! ಗಮನಿಸಿದ್ದರು, ಆದರೆ ಕೈ ಹಾಕಿರಲಿಲ್ಲ. ನನಗೆ ಸಿಟ್ಟು ಬಂತು. ನೋಡದೇ ಬಿಟ್ಟರೆ ಒಂದು ತರ, ನೋಡಿಯೂ ಬಿಟ್ಟರೆ? ಆಮೇಲೆ ವಾರಕ್ಕೆ ಮೂರು ದಿನ ಅವಳನ್ನು ಪಕ್ಕ ಕೂರಿಸಿಕೊಂಡು ಹೇಳಿಕೊಟ್ಟರು. ಮನೆಯಲ್ಲಿ ದಿನಾ 20 ನಿಮಿಷ ನಾನು ಕೂತೆ. ನಾಲ್ಕು ತಿಂಗಳು ಹಿಡಿಯಿತು. ದೊಡ್ಡ ಶಾಲೆಯಲ್ಲಿದ್ದಿದ್ದರೆ ಈ ಫಜೀತಿ ತಪ್ಪುತ್ತಿತ್ತು. ಅಲ್ಲಿ ಮಗ್ಗಿ ಬಾಯಿಪಾಠ ಆಗದೆ ಯಾರೂ ಮೂರನೇ ತರಗತಿ ದಾಟುವುದಿಲ್ಲ.

ದೊಡ್ಡದರ ಪರವಾಗಿ ಇನ್ನೂ ಇದೆ. ಕಳೆದ ವರ್ಷ ನಾಲ್ವರಲ್ಲಿ ಒಬ್ಬರು ಹೆರಿಗೆ ರಜೆಗೆ ಹೋದರು. ಆರು ವಾರ ಶಾಲೆಯೇ ಕುಂಟಿತು. ನಾಲ್ಕರಲ್ಲಿ ಒಂದು ಅಂದರೆ ಕಾಲು ಭಾಗ ತಾನೇ. ದೊಡ್ಡದರಲ್ಲಿ ಒಬ್ಬರು ರಜೆ ಹಾಕಿದರೆ ಮರುದಿನವೇ ಇನ್ನೊಬ್ಬರು ಬಂದು ಅದೇ ಪುಸ್ತಕದ ಅದೇ ಪುಟ ತೆರೆಯುತ್ತಿದ್ದರು. ಗ್ರಂಥಾಲಯ, ಮೈದಾನ, ಮಾತು ತಡವರಿಸುವ ಮಕ್ಕಳಿಗೆ ತರಬೇತುದಾರರು, ಎಲ್ಲ ಅಲ್ಲೇ. ಮನೆಯಿಂದ ಹತ್ತು ನಿಮಿಷದ ನಡಿಗೆ. ಇಲ್ಲಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ.

ಸ್ನೇಹದ ವಿಷಯದಲ್ಲಿ ಯಾವುದು ಮೇಲು ಎಂದು ಈಗಲೂ ಹೇಳಲಾರೆ. ಅವಳ ವಯಸ್ಸಿನ ಹುಡುಗಿಯರು ಇಲ್ಲಿ ಮೂವರೇ. ಇಬ್ಬರು ಒಂದಾದರೆ ಮೂರನೆಯವಳು ಎಲ್ಲಿಗೆ ಹೋಗಬೇಕು? ಬೇರೆ ಸೆಕ್ಷನ್ ಇಲ್ಲ. ಹಾಗೆ ಒಮ್ಮೆ ಆಯಿತು, ಎರಡು ವಾರ ರಾತ್ರಿ ಅಳು. ಆದರೆ ಟೀಚರ್ ಅದೇ ದಿನ ಸಂಜೆ ನನಗೆ ಫೋನ್ ಮಾಡಿದ್ದರು. ದೊಡ್ಡದರಲ್ಲಿ ಅವಳು ಮೂರು ತಿಂಗಳು ಒಬ್ಬಳೇ ಕೂತು ಊಟ ಮಾಡಿದ್ದು ನಮಗೆ ಗೊತ್ತಾದದ್ದು ಶಾಲೆ ಬಿಟ್ಟ ಮೇಲೆ.

ಇನ್ನೊಂದು ವಿಷಯವನ್ನು ನಾವು ಸೇರುವ ಮುಂಚೆ ಯಾರೂ ಹೇಳಲಿಲ್ಲ. ಚಿಕ್ಕ ಶಾಲೆ ಪೋಷಕರ ಬೆವರಿನ ಮೇಲೆ ನಡೆಯುತ್ತದೆ. ತಿಂಗಳಿಗೆ ಎರಡು ಶನಿವಾರ ನಮ್ಮದು ಅಲ್ಲೇ: ಕಪಾಟು ರಿಪೇರಿ, ಗಿಡಕ್ಕೆ ಮಣ್ಣು, ಮುಗಿಯದ ಮೀಟಿಂಗು. ಶನಿವಾರವೂ ಕೆಲಸ ಇರುವ ಮನೆಯವರು ಮೆಲ್ಲಗೆ ಹಿಂದೆ ಸರಿಯುತ್ತಾರೆ. ಅವರ ಮಾತಿಗೆ ಅಲ್ಲಿ ತೂಕವೂ ಕಡಿಮೆಯಾಗುತ್ತದೆ. ಇದು ನನಗೆ ಹಿಡಿಸಿಲ್ಲ.

ನೋಡಲು ಹೋಗುವವರಿಗೆ ಒಂದು ಮಾತು. ಶಾಲೆಯವರು ಕರೆದ ದಿನ ಹೋಗಬೇಡಿ, ಅವತ್ತು ಎಲ್ಲ ಶಾಲೆಗಳೂ ಚೆಂದ. ಮಾಮೂಲಿ ಮಂಗಳವಾರ, ಊಟ ಆದ ಮೇಲಿನ ಹೊತ್ತಿಗೆ ಕೇಳಿಕೊಂಡು ಹೋಗಿ. ಮಕ್ಕಳೂ ಟೀಚರೂ ಇಬ್ಬರೂ ಸುಸ್ತಾಗಿರುತ್ತಾರೆ. ಆಗ ಒಂದು ಮಗು ಸಿಕ್ಕಿಹಾಕಿಕೊಂಡರೆ ಯಾರು ಹತ್ತಿರ ಬರುತ್ತಾರೆ, ಬಂದು ಏನು ಮಾಡುತ್ತಾರೆ ಎಂದು ನೋಡಿ. ನಾನು ಯಾರು ಬರುತ್ತಾರೆ ಎಂಬುದನ್ನು ಮಾತ್ರ ನೋಡಿದ್ದೆ.

ಮಗಳು ಇಲ್ಲೇ ಮುಂದುವರಿಯುತ್ತಾಳೆ. ಅವಳ ತಮ್ಮನಿಗೆ ಮುಂದಿನ ವರ್ಷ ಶಾಲೆ. ಅವನಿಗೆ ಗಲಾಟೆ ಬೇಕು, ಮೈದಾನ ಬೇಕು, ಬೆಲ್ ಹೊಡೆದರೆ ಓಡಬೇಕು. ದೊಡ್ಡದಕ್ಕೆ ಅರ್ಜಿ ಹಾಕಿ ಬಂದಿದ್ದೇವೆ. ಸೆಕ್ಷನ್ನಿಗೆ ಈಗ 40 ಮಕ್ಕಳಂತೆ.